ಎರಡು ದಿನ ಬಂದ ಏಕಾದಶಿ

ಇವತ್ತು ಬೆಳಿಗ್ಗೆ ಸೀರೆಗಳಿಗೆ ಬಿಸಿಲು ತೋರಿಸೋಣವೆಂದು ಟ್ರಂಕು ತೆಗೆದು ಕೂತೆ. ಹಳೆಯ ಇಳಕಲ್ ಸೀರೆಯೊಂದರ ಸೆರಗಿನ ತುದಿಯಲ್ಲಿ ಒಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು ಸಣ್ಣದು, ಆದರೆ ಬಿಗಿ. ಏನನ್ನೋ ಮರೆಯಬಾರದೆಂದು ನಾನೇ ಹಾಕಿಕೊಂಡ ಗಂಟು, ಅದರಲ್ಲಿ ಸಂಶಯವಿಲ್ಲ. ಏನನ್ನು ಎಂಬುದೊಂದೇ ಮರೆತಿದೆ. ನಗುವುದಾದರೆ ನಗಿ, ನನಗೇನೂ ಬೇಸರವಿಲ್ಲ. ಈ ವಿಷಯದಲ್ಲಿ ನಮ್ಮ ಓಣಿ ನಕ್ಕು ಮುಗಿಸಿ ಎಷ್ಟೋ ಕಾಲವಾಯಿತು.

ಸೆರಗಿಗೆ ಗಂಟು ಹಾಕುವ ಚಾಳಿ ನನಗೆ ಕಂಪ್ಲಿಯ ಅಜ್ಜಿಯಿಂದ ಬಂದದ್ದು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಉಪ್ಪು ತರಿಸಬೇಕೆಂದರೆ ಒಂದು ಗಂಟು, ಅಕ್ಕಿ ಗಿರಣಿಗೆ ಹೇಳಿ ಕಳಿಸಬೇಕೆಂದರೆ ಇನ್ನೊಂದು, ಪಕ್ಕದ ಮನೆಯವಳು ಆಡಿದ ಮಾತಿಗೆ ತಕ್ಕ ಉತ್ತರ ಹೊಳೆಯುವ ತನಕ ಮತ್ತೊಂದು. ಆ ಕೊನೆಯ ಜಾತಿಯ ಗಂಟು ವಾರಗಟ್ಟಲೆ ಬಿಚ್ಚದೆ ಉಳಿಯುತ್ತಿತ್ತು. ಬೇಸಿಗೆ ರಜೆಗೆ ನಾನು ಮತ್ತು ತಮ್ಮ ಗುರು ಹೊಸಪೇಟೆಯಿಂದ ಅಲ್ಲಿಗೆ ಹೋಗುತ್ತಿದ್ದೆವು. ಮಧ್ಯಾಹ್ನ ಅಜ್ಜಿ ಪಡಸಾಲೆಯಲ್ಲಿ ಸೆರಗು ಹಾಸಿಕೊಂಡು ಮಲಗಿದರೆ ಗುರು ಹೊಟ್ಟೆಯ ಮೇಲೆ ತೆವಳುತ್ತಾ ಹೋಗಿ ಒಂದು ಗಂಟು ಬಿಚ್ಚಿ ಬರುತ್ತಿದ್ದ. ಎದ್ದ ಅಜ್ಜಿ ಸೆರಗು ತಡವುತ್ತಾ, "ಏನೋ ಇತ್ತಲ್ಲೇ... ಏನೋ ಇತ್ತು" ಎಂದು ಅಡುಗೆಮನೆಗೂ ಬಾಗಿಲಿಗೂ ಓಡಾಡುವುದು, ನಾವು ಭತ್ತದ ಚೀಲಗಳ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುವುದು. ಒಮ್ಮೆ ಆ ಕಳ್ಳ ಬಿಚ್ಚುವುದರ ಬದಲು ಒಂದು ಗಂಟು ಹೆಚ್ಚಿಗೆ ಹಾಕಿ ಬಂದ. ಅಜ್ಜಿ ಸಂಜೆಯವರೆಗೆ ಯೋಚಿಸಿ, ಅದು ಯಾವುದೋ ಹರಕೆಯೇ ಇರಬೇಕೆಂದು ತೀರ್ಮಾನಿಸಿ, ಮರುದಿನ ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿ ದೇವರಿಗೆ ಕಾಯಿ ಒಡೆಸಿಕೊಂಡು ಬಂದಳು. ಇಲ್ಲದ ಹರಕೆ ತೀರಿದ ಮೇಲೆ ಅವಳಿಗೆ ಎಷ್ಟು ನಿಶ್ಚಿಂತೆಯಾಯಿತೆಂದರೆ, ನಮಗೆ ಪಾಪ ಅನ್ನಿಸಲೇ ಇಲ್ಲ.

ಒಂದು ನಿಮಿಷ ಇರಿ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ನೋಡಿ ಬರುತ್ತೇನೆ.

ಆರಿಸಿದ್ದೆ. ಆರಿಸಿಯೇ ಇರುತ್ತೇನೆ, ಆದರೂ ನೋಡದಿದ್ದರೆ ಕೂತಲ್ಲಿ ಕೂರಲಾಗುವುದಿಲ್ಲ. ಈಗ ನನ್ನನ್ನು ನೋಡಿದವರು ನಂಬಲಿಕ್ಕಿಲ್ಲ, ಒಂದು ಕಾಲಕ್ಕೆ ನನಗೆ ಓಣಿಯಲ್ಲಿ 'ನಡೆದಾಡೋ ಪಂಚಾಂಗ' ಎಂದು ಹೆಸರಿತ್ತು. ವೈಷ್ಣವರ ಮನೆಗಳೇ ಹೆಚ್ಚಿರುವ ಓಣಿ ನಮ್ಮದು. ತಿಥಿ ತಿಳಿಯದೆ ಇಲ್ಲಿ ಹುಲ್ಲುಕಡ್ಡಿ ಅಲ್ಲಾಡುವುದಿಲ್ಲ. ಏಕಾದಶಿಗೆ ಉಪವಾಸ ಮಾಡಬೇಕು, ಮರುದಿನ ದ್ವಾದಶಿಗೆ ಹೊತ್ತೇರುವ ಮೊದಲೇ ಪಾರಣೆಯ ಊಟ ಮುಗಿಸಬೇಕು, ಹಿರಿಯರ ಶ್ರಾದ್ಧ ತಪ್ಪಬಾರದು. ಪಂಚಾಂಗ ಎಲ್ಲರ ಮನೆಯ ಗೂಡಿನಲ್ಲೂ ಇರುತ್ತದೆ. ಆದರೆ ಅದನ್ನು ತೆಗೆದು, ಕನ್ನಡಕ ಹುಡುಕಿ, ಸಣ್ಣ ಅಕ್ಷರ ಓದುವುದಕ್ಕಿಂತ ಕಾಂಪೌಂಡಿನ ಮೇಲಿಂದ "ಪದ್ಮಕ್ಕಾ, ಇವತ್ತೇನ್ರಿ?" ಎಂದು ಕೂಗುವುದು ಸುಲಭ. ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ, "ಬಹುಳ ಚೌತಿ, ಸಂಕಷ್ಟಿ. ನಾಡದು ನಿಮ್ಮ ಮಾವನವರ ಶ್ರಾದ್ಧ, ನೆನಪದನೋ ಇಲ್ಲೋ?" ಎಂದು ಉತ್ತರ ಕೊಡುತ್ತಿದ್ದೆ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಹೇಳುವುದರಲ್ಲಿ ಎಂಥ ಸುಖ! ಬೋರ್‌ವೆಲ್ ಕೊರೆಸಲು, ಮಗುವಿಗೆ ಕಿವಿ ಚುಚ್ಚಿಸಲು, ಅದಿರಿನ ಕಾಲ ಬಂದ ಮೇಲೆ ಹೊಸ ಲಾರಿ ತರಲು, ಒಳ್ಳೆಯ ದಿನ ಕೇಳುವುದಕ್ಕೂ ನನ್ನ ಹತ್ತಿರವೇ ಬರುತ್ತಿದ್ದರು. ಸೊಕ್ಕು ಎಂದರೆ ಸೊಕ್ಕು, ಇತ್ತು.

ಅದಿರಿನ ಕಾಲ ಎಂದೆನಲ್ಲ. ನಮ್ಮ ಮನೆ ಸಂಡೂರಿನ ಕಡೆಗೆ ಹೋಗುವ ರಸ್ತೆಗೆ ಹತ್ತಿರ. ಗುಡ್ಡಗಳನ್ನು ಕಡಿದು ಲಾರಿಗೆ ತುಂಬಿ ಸಾಗಿಸಲು ಶುರುವಾದ ಮೇಲೆ ಆ ರಸ್ತೆಗೆ ಹಗಲಿಲ್ಲ, ರಾತ್ರಿಯಿಲ್ಲ. ಒಂದರ ಬಾಲಕ್ಕೆ ಒಂದು ಲಾರಿ. ಪಾತ್ರೆ ಸ್ಟ್ಯಾಂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಲೇ ಇರುತ್ತಿದ್ದವು. ತುಳಸಿ ಕೆಂಪು, ಒಣಹಾಕಿದ ಸಂಡಿಗೆ ಕೆಂಪು, ಮಡಿ ಸೀರೆ ಕೆಂಪು. ನಮ್ಮವರ ಬಿಳಿ ಪಂಚೆಗಳೆಲ್ಲ ಕಾವಿಗೆ ತಿರುಗಿದಾಗ, "ಡ್ಯಾಮಿನ ಆಫೀಸಿನ್ಯಾಗ ಇನ್ನೂ ಸರ್ವೀಸ್ ಅದಲೇ, ಈಗಲೇ ಸನ್ಯಾಸ ಕೊಡಸಬ್ಯಾಡ" ಎಂದು ತಮಾಷೆ ಮಾಡಿದ್ದರು. ಊರಿಗೆ ಊರೇ ಎಲ್ಲಿಗೋ ತಡವಾದವರ ಹಾಗೆ ಓಡಾಡುತ್ತಿತ್ತು. ನಿನ್ನೆ ಚಹಾ ಅಂಗಡಿ ಇದ್ದ ಕಡೆ ಇವತ್ತು ಟೈರ್ ಅಂಗಡಿ, ನಾಳೆ ಲಾಡ್ಜು.

ಆ ರಸ್ತೆಯಲ್ಲೇ ಗುರು ಹೋದ. ಸಂಡೂರಿನಲ್ಲಿ ಒಂದು ಗಣಿ ಆಫೀಸಿನಲ್ಲಿ ಕೆಲಸಕ್ಕಿದ್ದ. ಹೊಸಪೇಟೆಯಲ್ಲಿ ಹೊಸ ಮೋಟಾರ್ ಸೈಕಲ್ ಕೊಂಡು, ನಮ್ಮ ಮನೆಯಲ್ಲಿ ಊಟ ಮಾಡಿ, ಮಧ್ಯಾಹ್ನ ಹೊರಟವನು ಮನೆ ಮುಟ್ಟಲಿಲ್ಲ. ಘಾಟಿನ ತಿರುವಿನಲ್ಲಿ ಅದಿರಿನ ಲಾರಿ. ಹೆಂಡತಿ ವಸುಧಾ, ಶಾಲೆಗೆ ಹೋಗುವ ಮಗಳು ಪುಟ್ಟಿ ಸಂಡೂರಿನಲ್ಲೇ ಉಳಿದರು. ಇದನ್ನು ಇಲ್ಲಿ ಇಷ್ಟಕ್ಕೇ ಬಿಡುತ್ತೇನೆ.

ಮರೆವು ಯಾವಾಗ ಶುರುವಾಯಿತು? ಸರಿಯಾಗಿ ಹೇಳಲಾರೆ, ಅದೇ ತಾನೇ ಮರೆವಿನ ಲಕ್ಷಣ. ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಕುಂಕುಮದ ಬಟ್ಟಲು ಫ್ರಿಜ್ಜಿನಲ್ಲಿ ಸಿಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಒಂದು ದಿನ ವಸುಧಾಳನ್ನು ನೋಡಿ ಬರೋಣವೆಂದು ಉಂಡೆ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದವಳು ಕಂಪ್ಲಿ ಬಸ್ಸು ಹತ್ತಿ ಕೂತಿದ್ದೆ. ಟಿಕೆಟ್ಟನ್ನೂ ಕಂಪ್ಲಿಗೇ ತೆಗೆದುಕೊಂಡಿದ್ದೆ. ಕಾಲುವೆ ಪಕ್ಕದ ಭತ್ತದ ಗದ್ದೆಗಳು ಕಂಡಾಗ, ಸಂಡೂರಿನ ದಾರಿಯಲ್ಲಿ ಇಷ್ಟು ಹಸಿರು ಎಲ್ಲಿಂದ ಬಂತು ಎಂದು ಆಶ್ಚರ್ಯಪಟ್ಟೆ. ಕಂಪ್ಲಿಯಲ್ಲಿ ಇಳಿದು, ಯಾರಾದರೂ ಗುರುತಿನವರು ಕಂಡಾರೆಂದು ಮುಖ ಮರೆಸಿಕೊಂಡು, ಅಲ್ಲೇ ಮೆಣಸಿನಕಾಯಿ ಬಜ್ಜಿ ತಿಂದು, ಉಂಡೆ ಡಬ್ಬಿಯೊಂದಿಗೆ ವಾಪಸು ಬಂದೆ. ಮನೆಯಲ್ಲಿ "ಬಸ್ಸಿರಲಿಲ್ಲ" ಎಂದೆ.

ಕಂಪ್ಲಿಯೇ ಯಾಕೆ ಎಂಬ ಯೋಚನೆ ಹತ್ತಿದ ಮೇಲೆ ನನಗೆ ಕೂತರೆ ನಿಂತರೆ ಸಮಾಧಾನವಿಲ್ಲ. ಯಾಕೆಂದರೆ ಅಲ್ಲಿ ನಮ್ಮ ಸೋದರತ್ತೆ ಇದ್ದರು, ಅಪ್ಪನ ಅಕ್ಕ. ಕೊನೆಕೊನೆಗೆ ಅವರಿಗೆ ಎಲ್ಲವೂ ಮರೆತುಹೋಗಿತ್ತು. ಸ್ವಂತ ಮಗನನ್ನು "ಯಾರಪ್ಪಾ ನೀನು, ಭಾಳ ಚಲೋ ಹುಡುಗ" ಎನ್ನುತ್ತಿದ್ದರು. ಸಂಜೆಯಾದರೆ ಒಂದು ಚೀಲಕ್ಕೆ ಸೀರೆ, ಬಾಚಣಿಗೆ, ಒಂದು ಬದನೆಕಾಯಿ ಹೀಗೆ ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಬಾಗಿಲಿಗೆ ಬಂದು ನಿಲ್ಲುವುದು. "ಹೊತ್ತಾತು, ನಮ್ಮನಿಗೆ ಹೋಗ್ತೀನಿ." "ಇದ ನಿಮ್ಮನಿ ಅಲ್ಲೇನ್ರಿ ಅತ್ತಿ" ಎಂದರೆ ನಮ್ಮ ಮುಖವನ್ನೇ ನೋಡಿ, ನಮ್ಮ ಅಜ್ಞಾನಕ್ಕೆ ಮರುಗಿದವರ ಹಾಗೆ ನಕ್ಕುಬಿಡುತ್ತಿದ್ದರು. ಅವರ ಮೂಗು ನನ್ನದು, ಅವರ ಸಣ್ಣ ಬೆರಳು ನನ್ನದು. ಅವರ ಮರೆವು ಮಾತ್ರ ನನ್ನದಾಗದೆ ಬಿಟ್ಟೀತೇ? ನಾನೂ ಒಂದು ದಿನ ಬದನೆಕಾಯಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ, ನಮ್ಮವರು ಯಾರೆಂದು ನಮ್ಮವರನ್ನೇ ಕೇಳುತ್ತೇನೆ. ಈ ಭಯವನ್ನು ಯಾರಿಗೂ ಹೇಳಲಿಲ್ಲ. ಅದನ್ನು ಮುಚ್ಚಿಡಲು ಸೆರಗಿಗೆ ಗಂಟಿನ ಮೇಲೆ ಗಂಟು ಹಾಕಿದೆ. ಸೆರಗು ಬೇಲದ ಹಣ್ಣಿನ ಹಾಗೆ ಉಂಡೆಯಾಯಿತು, ಯಾವ ಗಂಟು ಯಾವುದಕ್ಕೆ ಎಂಬುದೇ ದೊಡ್ಡ ಪರೀಕ್ಷೆಯಾಯಿತು.

ಆಮೇಲೆ ಬಂದದ್ದು ಆ ಏಕಾದಶಿ.

ಅವತ್ತು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ತುಳಸಿಗೆ ನೀರೆರೆದು, ದೇವರ ಮುಂದೆ ಕೂತಿದ್ದೆ. ನಮ್ಮವರು ಸಂಧ್ಯಾವಂದನೆ ಮುಗಿಸಿ ನೇರವಾಗಿ ಊಟದ ಮಣೆಗೆ ಬಂದರು.

"ಬಡಸು ಪದ್ಮಾ, ಹೊತ್ತಾತು."

"ಏಕಾದಶಿ ದಿನ ಏನ ಬಡಸೋದು? ನೀರು ಕುಡೀರಿ."

"ಏಕಾದಶಿ ನಿನ್ನೆ ಆತಲ್ಲ!"

"ನಿನ್ನೆ ದಶಮಿ."

"ದಶಮಿ ದಿನ ನಾ ಯಾಕ ಉಪವಾಸ ಇದ್ದೆ ಮತ್ತ?"

"ಅದನ್ನ ನೀವ ಹೇಳಬೇಕು."

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಇಷ್ಟು ವರ್ಷ ತಿಥಿಯ ವಿಷಯದಲ್ಲಿ ನನ್ನ ಮಾತಿಗೆ ಎದುರಾಡಿ ಗೆದ್ದವರಲ್ಲ. ತಮ್ಮ ಹೊಟ್ಟೆಯ ಸಾಕ್ಷಿಗಿಂತ ನನ್ನ ಮಾತೇ ದೊಡ್ಡದೆಂದುಕೊಂಡು, ನೀರು ಕುಡಿದು ಎದ್ದುಬಿಟ್ಟರು. ಅಷ್ಟರಲ್ಲಿ ಪಕ್ಕದ ಮನೆಯ ಸರೋಜಮ್ಮ ಕಾಂಪೌಂಡಿನ ಮೇಲಿಂದ ನೋಡಿದರು. ಪದ್ಮಕ್ಕನ ಮನೆಯಲ್ಲಿ ಒಲೆ ಹಚ್ಚಿಲ್ಲ! ಕೆಲವು ಸಲ ತಿಥಿಗಳ ಲೆಕ್ಕದಲ್ಲಿ ಉಪವಾಸ ಎರಡು ದಿನ ಒಟ್ಟಿಗೇ ಬೀಳುವುದುಂಟು, ಅದಕ್ಕೆ ಅತಿರಿಕ್ತ ಉಪವಾಸ ಎನ್ನುತ್ತೇವೆ. "ಪದ್ಮಕ್ಕ ಕುಂತಾಳ ಅಂದ್ರ ಅತಿರಿಕ್ತನೇ ಇರಬೇಕು" ಎಂದು ಸರೋಜಮ್ಮ ಬೆಂದ ಅನ್ನದ ಮೇಲೆ ತಟ್ಟೆ ಮುಚ್ಚಿದರು. ಅವರಿಂದ ಎದುರು ಮನೆಗೆ, ಅಲ್ಲಿಂದ ಮೂಲೆ ಮನೆಗೆ ಸುದ್ದಿ ಹೋಯಿತು. ಅರ್ಧ ಓಣಿ ಮತ್ತೊಂದು ದಿನ ಉಪವಾಸ ಕೂತಿತು. ಹೊತ್ತು ಏರಿದ ಮೇಲೆ ಗುಡಿಯ ಆಚಾರ್ರು ಆ ಕಡೆ ಬಂದವರು ಗಾಬರಿಯಾಗಿ ಬೀದಿಯಲ್ಲೇ ನಿಂತರು.

"ಯಾಕ್ರೀ, ಓಣಿಗೆ ಓಣಿನೇ ಒಲಿ ಹಚ್ಚಿಲ್ಲ? ಯಾರರೆ ಹೋದರೇನು?"

ಪಂಚಾಂಗ ಹೊರಗೆ ಬಂತು. ದ್ವಾದಶಿ. ಪಾರಣೆಯ ಹೊತ್ತು ಮೀರಿ ಎಷ್ಟೋ ಹೊತ್ತಾಗಿತ್ತು. "ಇರ್ಲಿ ಬಿಡ್ರಿ ಪದ್ಮಕ್ಕಾ, ಡಬಲ್ ಪುಣ್ಯ ಬಂತು" ಎಂದು ಸರೋಜಮ್ಮ ನಕ್ಕರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ತಪ್ಪಾಯಿತೆಂದು ಅಳಲಿಲ್ಲ. ನಿನ್ನೆ ಉಪವಾಸವಿದ್ದದ್ದು ಎಷ್ಟು ತಡಕಾಡಿದರೂ ತಲೆಯಲ್ಲಿ ಸಿಗಲಿಲ್ಲ. ನಿನ್ನೆಯ ಹಸಿವು, ನಿನ್ನೆಯ ಬಾಯಾರಿಕೆ, ಒಂದೂ ಇಲ್ಲ. ಇಡೀ ದಿನವೇ ಯಾರೋ ಗಂಟು ಬಿಚ್ಚಿಕೊಂಡು ಹೋದ ಹಾಗಿತ್ತು.

ಮುಂದೆ ಔಷಧಗಳ ಮೆರವಣಿಗೆ. ಕಾಲುವೆ ದಂಡೆಯ ಒಂದೆಲಗದ ಸೊಪ್ಪಿನ ಚಟ್ನಿ, ನೆನೆಸಿದ ಬಾದಾಮಿ. "ದೃಷ್ಟಿ ಆಗ್ಯದ" ಎಂದು ಸರೋಜಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಚಟ್ನಿ ರುಚಿಯಾಗಿತ್ತು, ಬಾದಾಮಿ ನೆನೆಹಾಕಿದ್ದನ್ನೇ ಮರೆತು ಹುಳಿ ಬಂದು ಚೆಲ್ಲಿದೆ. ನನ್ನನ್ನು ತಿಥಿ ಕೇಳುವವರು ಕಡಿಮೆಯಾದರು. ಕೇಳಿದರೂ, ನಾನು ಹೇಳಿದ ಮೇಲೆ ಮೆಲ್ಲಗೆ ಒಳಗೆ ಹೋಗಿ ಪಂಚಾಂಗ ನೋಡುತ್ತಿದ್ದರು. ಆ ಮೆಲ್ಲಗೆ ಹೋಗುವುದಿದೆಯಲ್ಲ, ಅದಕ್ಕಿಂತ ನಕ್ಕದ್ದೇ ವಾಸಿ.

ಒಂದು ದಿನ ನಮ್ಮವರು ಚಹಾ ಕುಡಿಯುತ್ತಾ, ಗೋಡೆಯ ಕಡೆ ನೋಡಿಕೊಂಡು ಹೇಳಿದರು: "ಬಳ್ಳಾರಿಯಿಂದ ಒಬ್ಬ ಡಾಕ್ಟರಮ್ಮ ಶನಿವಾರ ಶನಿವಾರ ಬರ್ತಾರಂತ. ಮನಸ್ಸಿನ ಡಾಕ್ಟರು."

"ನಾ ಏನು ಹುಚ್ಚಿ ಅಂತ ಮಾಡೀರೇನು?" ಲೋಟ ಕುಕ್ಕಿದೆ.

"ಕಾಲು ಉಳುಕಿದ್ರ ಎಲುಬಿನ ಡಾಕ್ಟರ ಹತ್ರ ಹೋಗಂಗಿಲ್ಲೇನು? ಅವರೇನು ನಿನ್ನ ಕುಂಟಿ ಅಂತಾರ?" ಎಂದು, ಸ್ವಲ್ಪ ತಡೆದು, "ನೀ ರಾತ್ರಿ ಎದ್ದು ಎದ್ದು ಅಡಗಿಮನಿಗೆ ಹೋಗೋದು ನಂಗ ಗೊತ್ತದ. ನಂಗೂ ನಿದ್ದಿ ಇಲ್ಲ" ಎಂದರು.

ಹಲ್ಲು ತೋರಿಸಲು ಹೋಗುತ್ತೇನೆಂದು ಸರೋಜಮ್ಮನಿಗೆ ಸುಳ್ಳು ಹೇಳಿ ಹೊರಟೆ. ಟೈರ್ ಅಂಗಡಿಯ ಮೇಲಿನ ಮಹಡಿ. ಪುಣ್ಯಕ್ಕೆ ಅದೇ ಮೆಟ್ಟಿಲು ಹತ್ತಿದರೆ ಪಕ್ಕದಲ್ಲಿ ಹಲ್ಲಿನ ಡಾಕ್ಟರೂ ಇದ್ದರು. ಒಳಗೆ ಕಾಲಿಟ್ಟರೆ ಬೆಂಚಿನ ಮೇಲೆ ಯಾರು? ಗುಡಿಯ ಆಚಾರ್ರು! ಶಾಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಕೂತಿದ್ದಾರೆ.

"ಹಲ್ಲುನೋವು" ಎಂದರು, ನಾನು ಕೇಳುವ ಮೊದಲೇ.

"ನಂಗೂ ಹಲ್ಲೇ" ಎಂದೆ.

ಇಬ್ಬರೂ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆವು. ಕಾಂಪೌಂಡರ್ ಬಂದು, "ನಿದ್ದಿ ಬರಲ್ಲ ಅಂದೋರು ಯಾರ್ರಿ? ಒಳಗ ಬರ್ರಿ" ಎಂದು ಕೂಗಿದ. ಆಚಾರ್ರು ಕೆನ್ನೆಯಿಂದ ಕೈ ತೆಗೆದು, ನನ್ನ ಕಡೆ ನೋಡದೆ ಎದ್ದು ಹೋದರು. ಅವರು ಹೊರಗೆ ಬರುವಾಗ ನಾನೇ, "ಓಣಿಯೊಳಗ ಇಬ್ಬರಿಗೂ ಹಲ್ಲೇ ಇರ್ಲಿ ಆಚಾರ್ರೇ" ಎಂದೆ. ಅವರು ನಕ್ಕ ನಗೆಯಲ್ಲಿ ನನ್ನ ಅರ್ಧ ಭಯ ಇಳಿಯಿತು.

ಡಾಕ್ಟರಮ್ಮ ನನಗೆ ಮಗಳಾಗುವ ವಯಸ್ಸಿನವರು. ಮೊದಲು ಮೂರು ಮಾತು ಹೇಳಿ ನೆನಪಿಟ್ಟುಕೊಳ್ಳಿ ಎಂದರು: ಮಾವಿನಹಣ್ಣು, ಕುರ್ಚಿ, ಕೀಲಿಕೈ. ಆಮೇಲೆ, "ಇವತ್ತು ಯಾವ ದಿನ ಹೇಳ್ರಿ ಅಮ್ಮ" ಎಂದರು.

ಇದು ನನ್ನ ಅಖಾಡ. ಬೆನ್ನು ನೆಟ್ಟಗೆ ಮಾಡಿ ಶುರುಮಾಡಿದೆ. "ವ್ಯಯನಾಮ ಸಂವತ್ಸರ, ದಕ್ಷಿಣಾಯನ, ಶರದೃತು, ಕಾರ್ತೀಕ ಮಾಸ, ಕೃಷ್ಣ ಪಕ್ಷ, ಷಷ್ಠಿ, ಸ್ಥಿರವಾಸರ..." ನಕ್ಷತ್ರಕ್ಕೆ ಬರುವಷ್ಟರಲ್ಲಿ ಅವರು ಕೈ ಎತ್ತಿದರು.

"ಅಮ್ಮಾ, ತಾರೀಖು ಎಷ್ಟು?"

"ಅದು ಗೊತ್ತಿಲ್ಲ."

"ನಂಗ ತಾರೀಖು ಬಿಟ್ಟು ನೀವು ಹೇಳಿದ್ದು ಒಂದೂ ಗೊತ್ತಿಲ್ಲ. ಹಂಗಾರ ಇಬ್ಬರೊಳಗ ಪೇಷಂಟ್ ಯಾರ್ರಿ?" ಎಂದು ನಕ್ಕರು. ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು, ಕೊನೆಗೆ ಆ ಮೂರು ಮಾತು ಕೇಳಿದರು. ಮಾವಿನಹಣ್ಣು, ಕುರ್ಚಿ, ಕೀಲಿಕೈ. ಹೇಳಿದೆ. ಕಂಪ್ಲಿ ಅತ್ತೆಯ ಕತೆ, ಬದನೆಕಾಯಿ, ಎರಡು ದಿನದ ಏಕಾದಶಿ, ಎಲ್ಲವನ್ನೂ ಹೇಳಿದೆ. ಓಣಿಯವರ ತಿಥಿಗಳೆಲ್ಲ ಈಗಲೂ ನನ್ನ ಬಾಯಲ್ಲಿವೆ ಎಂದು ಸ್ವಲ್ಪ ಜಂಭವನ್ನೂ ಕೊಚ್ಚಿಕೊಂಡೆ. ಅವರು ತಲೆಯಾಡಿಸುತ್ತಾ ಕೇಳಿದರು.

"ಇತ್ತಿತ್ಲಾಗ ನಿಮ್ಮವರು ಯಾರರೆ ತೀರಿಕೊಂಡಾರೇನ್ರಿ?"

"ತಮ್ಮ. ಆಕ್ಸಿಡೆಂಟ್. ಎರಡು ವರ್ಷ ಆಗ್ತಾ ಬಂತು."

"ಅವರ ತಿಥಿ ಯಾವುದು?"

ಬಾಯಿ ತೆರೆದೆ. ಏನೂ ಬರಲಿಲ್ಲ. ಸರೋಜಮ್ಮನ ಮಾವನವರದು ಗೊತ್ತು, ಮೂಲೆ ಮನೆಯ ಅಜ್ಜಿಯದು ಗೊತ್ತು, ನಾನು ಕಣ್ಣಿಂದಲೂ ನೋಡದ ನಮ್ಮವರ ಮುತ್ತಜ್ಜನದು ಗೊತ್ತು. ಗುರುವಿನದು ಇಲ್ಲ. ಹೋದ ವರ್ಷ ವರ್ಷಾಬ್ದಿಕಕ್ಕೆ ಸಂಡೂರಿಗೆ ಹೋಗಿದ್ದೆ, ನಮ್ಮವರು ಕರೆದುಕೊಂಡು ಹೋಗಿದ್ದರು. ಎಲೆ ಹಾಕಿದ್ದು, ವಸುಧಾಳ ಬೋಳು ಕೈ ಕಂಡದ್ದು ನೆನಪಿದೆ. ಆದರೆ ಅದು ಯಾವ ಮಾಸ, ಯಾವ ಪಕ್ಷ? ಅಲ್ಲಿ ಬರೀ ಕೆಂಪು ಧೂಳು. ನಾನು ಸೆರಗಿನ ತುದಿ ತಡವುತ್ತಾ ಕೂತಿದ್ದೆನಂತೆ. ಡಾಕ್ಟರಮ್ಮ ನೀರು ಕೊಟ್ಟು, ಅವಸರ ಮಾಡಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡು ನೋಡಿಸಿ, ಅದೆಲ್ಲ ನೋಡದೆ ಖಾತ್ರಿ ಹೇಳುವುದಿಲ್ಲ ಎಂದರು. "ಆದ್ರ ನಂಗ ಇದು ನಿಮ್ಮ ಅತ್ತಿಯ ಮರವು ಅನಸಂಗಿಲ್ಲ. ಅವರಿಗೆ ಮರತಿದ್ದೂ ಗೊತ್ತಾಗ್ತಿರಲಿಲ್ಲ. ನೀವು ಮರತಿದ್ದನ್ನ ಒಂದೊಂದ ಎಣಿಸಿ ತಂದೀರಿ. ಹಾಲಿಗೆ ಹೆಪ್ಪು ಹಾಕಿ ಗಡಿಗಿ ಅಲ್ಲಾಡಸ್ತಾ ಇದ್ರ ಮೊಸರಾಗ್ತದೇನ್ರಿ? ನಿದ್ದಿ ಇಲ್ಲ, ಜೀವಕ್ಕ ಸಮಾಧಾನ ಇಲ್ಲ, ದಿನ ಹೆಪ್ಪುಗಟ್ಟೋದು ಎಲ್ಲಿಂದ? ಏಕಾದಶಿ ದಿನ ನೀವು ಮನಿಯೊಳಗ ಇದ್ರಿ, ಮನಸ್ಸು ಇರಲಿಲ್ಲ. ಇರಲಾರದ್ದನ್ನ ಮರೆಯೋದು ಹೆಂಗ?"

ಮಾತ್ರೆ ಕಡಿಮೆ, ಮಾತು ಹೆಚ್ಚು. ಶನಿವಾರ ಬಿಟ್ಟು ಶನಿವಾರ ಹೋಗುತ್ತಿದ್ದೆ. ಮೊದಮೊದಲು ನಾನು ಅಲ್ಲಿ ಲಾರಿಗಳನ್ನು ಬೈದೆ, ಧೂಳನ್ನು ಬೈದೆ, ಬಾದಾಮಿ ರೇಟನ್ನು ಬೈದೆ. ಕುರ್ಚಿಯ ತುದಿಯಲ್ಲಿ ಕೂತು ಬಾಗಿಲು ನೋಡುತ್ತಿದ್ದೆ. ಅವರು ಕೇಳುತ್ತಿದ್ದರು. ಒಂದು ಶನಿವಾರ ಯಾವ ಮುನ್ಸೂಚನೆಯೂ ಇಲ್ಲದೆ ಬಾಯಿಂದ ಬಂತು, ಗುರುವಿನ ವಿಷಯದಲ್ಲಿ ಇಷ್ಟಕ್ಕೇ ಬಿಡುತ್ತೇನೆ ಎಂದು ಮೇಲೆ ಹೇಳದೆ ಬಿಟ್ಟದ್ದು.

ಆ ದಿನ ಹೇಳಿದವಳು ನಾನು. ಮೋಟಾರ್ ಸೈಕಲ್ ತರಲು ಯಾವ ದಿನ ಒಳ್ಳೆಯದು ಎಂದು ಗುರು ಫೋನು ಮಾಡಿ ಕೇಳಿದ್ದ. ಒಲೆಯ ಮುಂದೆ ನಿಂತೇ, ಪಂಚಾಂಗ ಮುಟ್ಟದೆ, "ಶುದ್ಧ ತ್ರಯೋದಶಿ ಬರ್ತದ, ಸರ್ವಸಿದ್ಧಿ ತ್ರಯೋದಶಿ, ಕಣ್ಣು ಮುಚ್ಚಿ ತಗೋ" ಎಂದಿದ್ದೆ. ಅಂಗಡಿಯ ಮುಂದೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವಳೂ ನಾನೇ. ಊಟ ಮಾಡಿ ಹೊರಡುವಾಗ ಅವನು, "ಅಕ್ಕಾ, ಸ್ವಲ್ಪ ಬಿಸಿಲು ಇಳೀಲೇನು?" ಎಂದ. "ದಿನ ಚಲೋ ಅದ, ಹೊರಡು" ಎಂದೆ. ಇದನ್ನು ಹೇಳಿ ನಾನು ಎಷ್ಟು ಅತ್ತೆನೆಂದರೆ ಕೆಳಗಿನ ಟೈರ್ ಅಂಗಡಿಯವನು ಮೆಟ್ಟಿಲ ತನಕ ಬಂದು ಹೋದನಂತೆ.

ಡಾಕ್ಟರಮ್ಮ, ನಿಮ್ಮ ತಪ್ಪಿಲ್ಲ ಎಂದು ತಟಕ್ಕನೆ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಂಬುತ್ತಲೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ, "ಆವತ್ತು ಆ ರೋಡಿನಾಗ ಹೋದ ಎಲ್ಲಾರಿಗೂ ಅದ ತ್ರಯೋದಶಿ ಇತ್ತಲ್ರಿ ಅಮ್ಮ. ಉಳಿದೋರೆಲ್ಲ ಮನಿ ಮುಟ್ಟ್ಯಾರ" ಎಂದರು.

ಕ್ಲಿನಿಕ್ಕಿನಿಂದ ಮನೆಗೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಬಾಯಿ ತನ್ನಷ್ಟಕ್ಕೆ ಮಣಮಣ ಅನ್ನುತ್ತಿತ್ತು: ಮಾಘ ಶುದ್ಧ ತ್ರಯೋದಶಿ, ಮಾಘ ಶುದ್ಧ ತ್ರಯೋದಶಿ.

ರಾತ್ರಿ ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಲು ಶುರುಮಾಡಿದೆವು, ಲಾರಿಗಳ ಸದ್ದು ಅಲ್ಲಿಗೆ ಅರ್ಧ ಬರುತ್ತದೆ. ಬೆಳಿಗ್ಗೆ ಇಬ್ಬರೂ ಕಾಲುವೆ ದಂಡೆಯ ಮೇಲೆ ನಡೆಯುತ್ತೇವೆ, ಅವರು ಮುಂದೆ, ನಾನು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಾ ಹಿಂದೆ. ಮಂತ್ರ ಹಾಕಿದ ಹಾಗೆ ಎಲ್ಲ ಸರಿಹೋಯಿತು ಎನ್ನಲಾರೆ. ಈಗಲೂ ಮರೆಯುತ್ತೇನೆ, ಕೂತಲ್ಲಿ ಕೂರುವುದು ಈಗಲೂ ಕಷ್ಟ. ಆದರೆ ಮರೆತಾಗ ಕಂಪ್ಲಿ ಅತ್ತೆ ಬಾಗಿಲಲ್ಲಿ ಬಂದು ನಿಲ್ಲುವುದಿಲ್ಲ. ಸರೋಜಮ್ಮನಿಗೂ ಹಲ್ಲಿನ ಸುಳ್ಳನ್ನು ಬಿಡಿಸಿ ಹೇಳಿದೆ. ಅವರು, "ಆ ಡಾಕ್ಟರಮ್ಮ ಶನಿವಾರ ಎಷ್ಟೊತ್ತಿಗೆ ಬರ್ತಾರ್ರಿ?" ಎಂದು ಕೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ.

ಈ ಇಳಕಲ್ ಸೀರೆಯ ಗಂಟು ಯಾವುದಕ್ಕೆಂದು ಇಷ್ಟು ಬರೆಯುವವರೆಗೂ ನೆನಪಾಗಿಲ್ಲ. ಗುರುವೇ ತೆವಳುತ್ತಾ ಬಂದು ಹಾಕಿ ಹೋಗಿರಬಹುದು ಎಂದುಕೊಂಡರೆ ನಗು ಬರುತ್ತದೆ. ಬಿಚ್ಚದೆ ಹಾಗೆಯೇ ಮಡಚಿಟ್ಟಿದ್ದೇನೆ.

ಒಂದು ಮಾತು ಹೇಳಿ ಏಳುತ್ತೇನೆ. ಆ ವರ್ಷ ಪುಷ್ಯ ಮಾಸ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸಂಡೂರಿನಿಂದ ಫೋನು ಬಂತು. ಒಲೆಯ ಮೇಲೆ ಹಾಲಿಟ್ಟಿದ್ದೆ. ವಸುಧಾಳ ದನಿ. ಗುರು ಹೋದಾಗಿನಿಂದ ಅವಳು ನನ್ನನ್ನು ಏನೊಂದೂ ಕೇಳಿರಲಿಲ್ಲ. ಅವಳ ಮನಸ್ಸಿನಲ್ಲಿ ನಾನು ದಿನ ಹೇಳಿ ಅವನನ್ನು ಕಳಿಸಿದವಳೇ ಆಗಿರುತ್ತೇನೆ ಎಂದು ನಾನು ತೀರ್ಮಾನಿಸಿಕೊಂಡಿದ್ದೆ.

"ಅಕ್ಕಾ, ಅವರ ಶ್ರಾದ್ಧ ಈ ಸಲ ಯಾವತ್ತ ಬರ್ತದ್ರಿ?"

"ಮಾಘ ಶುದ್ಧ ತ್ರಯೋದಶಿ. ಬುಧವಾರ" ಎಂದೆ. "ನಾ ಹಿಂದಿನ ದಿನನೇ ಬರ್ತೀನವ್ವ."

"ಬರ್ರಿ ಅಕ್ಕಾ. ನಮ್ಮ ಆಚಾರ್ರೂ ಅದ ಹೇಳಿದ್ರು. ಆದ್ರೂ ನಿಮ್ಮ ಬಾಯಿಂದ ಕೇಳಿದ್ರ ಸಮಾಧಾನ." ಆಮೇಲೆ ಅವಳು, "ಇನ್ನೊಂದು ಕೇಳೋದಿತ್ರಿ. ಪುಟ್ಟಿ ಸೈಕಲ್ ಬೇಕಂತ ಭಾಳ ಹಟ ಹಿಡದಾಳ. ಕೊಡಸೋಣ ಅಂತ ಮಾಡೀನಿ. ಯಾವ ದಿನ ಚಲೋ ಅದ, ನೀವ ಹೇಳ್ರಿ" ಎಂದಳು.

ಚಕ್ರದ ಕೆಳಗಿನ ನಿಂಬೆಹಣ್ಣು ಕಣ್ಣ ಮುಂದೆ ಬಂತು.

"ಅಕ್ಕಾ? ಅದೀರೇನ್ರಿ?"

"ಅದೀನವ್ವ."

"ಹೇಳ್ರಿ ಮತ್ತ."

"ತಡಿ, ನೋಡಿ ಹೇಳ್ತೀನಿ" ಎಂದೆ. ಗೂಡಿನಿಂದ ಪಂಚಾಂಗ ತೆಗೆದೆ. ಕನ್ನಡಕ ಹುಡುಕಿದೆ, ಅದು ತಲೆಯ ಮೇಲೇ ಇತ್ತು. ಅಡುಗೆಮನೆಯಿಂದ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದ ವಾಸನೆ ಬಂತು. ಹರಿಯಲಿ ಎಂದುಕೊಂಡು, ಆ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು, ನನ್ನ ತಮ್ಮನ ಮಗಳ ಸೈಕಲ್ಲಿಗೆ ಒಂದು ದಿನ ಹೇಳಿದೆ.